ಮೆಲುಕು ಮತ್ತು ಸೀಳುಗೊರಸು: ಹೀಬ್ರೂ ಗ್ರಂಥದ ಶುದ್ಧಾಶುದ್ಧ ಪ್ರಾಣಿಗಳಿಗೆ ಕ್ರೈಸ್ತರು ಕಂಡ ಅರ್ಥಗಳು

ಕನ್ನಡದಲ್ಲಿ ಹಸುವೂ ಮೆಲುಕು ಹಾಕುತ್ತದೆ, ಹಳೆಯ ದಿನಗಳನ್ನು ನೆನೆಯುತ್ತ ಜಗಲಿಯಲ್ಲಿ ಕೂತ ಅಜ್ಜಿಯೂ ಮೆಲುಕು ಹಾಕುತ್ತಾಳೆ. ದನದ ದವಡೆಗೂ ಮನುಷ್ಯರ ನೆನಪಿಗೂ ನಮ್ಮಲ್ಲಿ ಮಾತು ಒಂದೇ. ಲ್ಯಾಟಿನ್ನಿನ ‘ರೂಮಿನಾರೆ’ ಎಂಬ ಕ್ರಿಯಾಪದಕ್ಕೂ ಇವೇ ಎರಡು ಅರ್ಥ. ಹೀಬ್ರೂ ಧರ್ಮಗ್ರಂಥದ ಆಹಾರನಿಯಮಗಳನ್ನು ಕ್ರೈಸ್ತ ಪಂಡಿತರು ಸಾವಿರಕ್ಕೂ ಹೆಚ್ಚು ವರ್ಷ ಓದಿಕೊಂಡು ಬಂದದ್ದು ಬಹುಮಟ್ಟಿಗೆ ಈ ಹೋಲಿಕೆಯ ಬೆಳಕಿನಲ್ಲಿ. ಆ ಓದಿನಲ್ಲಿ ಎರಡು ದಾರಿಗಳು ಕಾಣುತ್ತವೆ. ಒಂದರಲ್ಲಿ ಪ್ರಾಣಿ ಓದುಗನಿಗೆ ಹಿಡಿದ ಕನ್ನಡಿ. ಇನ್ನೊಂದರಲ್ಲಿ ಅದು ಬೇರೆ ಜನರ ಮೇಲೆ ಒತ್ತುವ ಮುದ್ರೆ. ಈ ಎರಡು ದಾರಿಗಳು ಎಲ್ಲಿ ಕವಲೊಡೆದವು, ಯಾವುದು ಎಲ್ಲಿಗೆ ಮುಟ್ಟಿತು ಎಂಬುದನ್ನು ಗುರುತಿಸುವುದು ಈ ಲೇಖನದ ಉದ್ದೇಶ.

ಪಟ್ಟಿ ಮತ್ತು ಅದರ ಮೌನ

ಶುದ್ಧಾಶುದ್ಧ ಪ್ರಾಣಿಗಳ ಪಟ್ಟಿ ಯಾಜಕಕಾಂಡದ 11ನೆಯ ಅಧ್ಯಾಯದಲ್ಲೂ ಧರ್ಮೋಪದೇಶಕಾಂಡದ 14ನೆಯ ಅಧ್ಯಾಯದಲ್ಲೂ ಇದೆ. ನೆಲದ ಪ್ರಾಣಿಗಳಿಗೆ ಎರಡು ಲಕ್ಷಣ ಬೇಕು: ಗೊರಸು ಸೀಳಿರಬೇಕು, ಮೆಲುಕು ಹಾಕಬೇಕು. ದನ, ಕುರಿ, ಆಡು ಈ ಅಳತೆಗೆ ಹೊಂದುತ್ತವೆ. ಒಂದೇ ಲಕ್ಷಣವಿರುವ ನಾಲ್ಕನ್ನು ಹೆಸರಿಟ್ಟು ಹೊರಗಿಡಲಾಗಿದೆ: ಒಂಟೆ, ಮೊಲ, ಬಂಡೆಗಳ ಸಂದಿನಲ್ಲಿ ಬದುಕುವ ಶಾಫಾನ್ ಎಂಬ ಸಣ್ಣ ಪ್ರಾಣಿ, ಮತ್ತು ಹಂದಿ. ಗ್ರಂಥದ ಪ್ರಕಾರ ಮೊದಲಿನ ಮೂರು ಮೆಲುಕು ಹಾಕುತ್ತವೆ, ಗೊರಸು ಸೀಳಿಲ್ಲ. ಹಂದಿಯ ಗೊರಸು ಸೀಳಿದೆ, ಮೆಲುಕಿಲ್ಲ. ಮೊಲವೂ ಶಾಫಾನೂ ನಿಜವಾಗಿ ಮೆಲುಕು ಹಾಕುವ ಪ್ರಾಣಿಗಳಲ್ಲ. ಸದಾ ಆಡುತ್ತಿರುವ ಅವುಗಳ ದವಡೆಯನ್ನು ಕಂಡ ಕುರಿಗಾಹಿಯ ಕಣ್ಣಿನ ಲೆಕ್ಕ ಅದು. ಜಲಚರಗಳಿಗೆ ಈಜುರೆಕ್ಕೆ ಮತ್ತು ಹುರುಪೆ ಇರಬೇಕು. ಹಕ್ಕಿಗಳಿಗೆ ಲಕ್ಷಣ ಹೇಳಿಲ್ಲ. ಹದ್ದು, ಗಿಡುಗ, ಕಾಗೆ, ಗೂಬೆ ಮುಂತಾದ ನಿಷಿದ್ಧ ಹೆಸರುಗಳಷ್ಟೇ ಇವೆ.

ಇಲ್ಲಿನ ‘ತಾಹೋರ್’, ‘ತಾಮೇ’ ಎಂಬ ಹೀಬ್ರೂ ಪದಗಳನ್ನು ನಮ್ಮ ಮಡಿ-ಮೈಲಿಗೆಯೊಂದಿಗೆ ಥಟ್ಟನೆ ಸಮೀಕರಿಸುವುದು ಸರಿಯಾಗದು. ಒಂಟೆಯನ್ನು ಏರಿ ಹೋಗುವುದಕ್ಕೆ ಅಡ್ಡಿಯಿರಲಿಲ್ಲ. ಸತ್ತ ಅಶುದ್ಧ ಪ್ರಾಣಿಯನ್ನು ಮುಟ್ಟಿದರೆ ಮಾತ್ರ ಅಶುದ್ಧಿ ತಟ್ಟುತ್ತಿತ್ತು, ಅದೂ ಸಂಜೆಯವರೆಗೆ. ಹುಟ್ಟಿನಿಂದಲೇ ಅಶುದ್ಧನಾದ ಮನುಷ್ಯ ಈ ಅಧ್ಯಾಯದಲ್ಲಿ ಇಲ್ಲ.

ಇವೇ ಲಕ್ಷಣಗಳು ಏಕೆ ಬೇಕೆಂಬುದನ್ನು ಗ್ರಂಥ ಹೇಳುವುದಿಲ್ಲ. ದೇವರು ಪರಿಶುದ್ಧ, ಆದ್ದರಿಂದ ಅವನ ಜನರೂ ಪರಿಶುದ್ಧರಾಗಿರಬೇಕು ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಮುಂದಿನ ವ್ಯಾಖ್ಯಾನಗಳೆಲ್ಲ ಈ ಮೌನದೊಳಗೆ ಹುಟ್ಟಿದವು.

ಅಲೆಕ್ಸಾಂಡ್ರಿಯದ ಯೆಹೂದಿ ಮೂಲ

ಸಾಂಕೇತಿಕ ಓದನ್ನು ಕ್ರೈಸ್ತರು ಹುಟ್ಟುಹಾಕಲಿಲ್ಲ. ಗ್ರೀಕ್ ಮಾತಾಡುವ ಯೆಹೂದಿಗಳಿಂದ ಪಡೆದುಕೊಂಡರು. ಕ್ರಿ.ಪೂ. 2ನೆಯ ಶತಮಾನದ್ದೆಂದು ಹೆಚ್ಚಿನ ವಿದ್ವಾಂಸರು ಒಪ್ಪುವ ‘ಅರಿಸ್ಟಿಯಸನ ಪತ್ರ’ದಲ್ಲಿ ಮಹಾಯಾಜಕ ಎಲಿಯಾಜರ್ ಈಜಿಪ್ಟಿನ ದೂತರಿಗೆ ಈ ನಿಯಮಗಳ ಒಳಾರ್ಥ ಬಿಡಿಸಿ ಹೇಳುತ್ತಾನೆ. ಸೀಳಿದ ಗೊರಸು ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರ್ಪಡಿಸುವ ವಿವೇಕ. ಮೆಲುಕು ಎಂದರೆ ನೆನಪು. ಬೇಟೆಯ ಹಕ್ಕಿಗಳನ್ನು ತ್ಯಜಿಸುವವನು ದೌರ್ಜನ್ಯವನ್ನು ತ್ಯಜಿಸಲು ಕಲಿಯುತ್ತಾನೆ. ಮುಂಗುಸಿಯನ್ನು ಹೋಲುವ ವೀಸೆಲ್ ಕಿವಿಯಿಂದ ಗರ್ಭ ಧರಿಸಿ ಬಾಯಿಂದ ಹೆರುತ್ತದೆಂಬ ಆ ಕಾಲದ ನಂಬಿಕೆಯನ್ನು ಹಿಡಿದು, ಕೇಳಿದ್ದನ್ನು ಬಾಯಿಬಿಟ್ಟು ಪರರನ್ನು ಹಾಳುಮಾಡುವ ಚಾಡಿಕೋರರಿಗೆ ಅದನ್ನು ಹೋಲಿಸಲಾಗಿದೆ.

ಯೇಸುವಿನ ಸಮಕಾಲೀನನಾದ ಯೆಹೂದಿ ತತ್ವಜ್ಞಾನಿ ಫೈಲೋ ಇದನ್ನು ಇನ್ನಷ್ಟು ಬೆಳೆಸಿದ. ಗುರು ಹೇಳಿದ್ದನ್ನು ಶಿಷ್ಯ ಒಮ್ಮೆಗೇ ನುಂಗಲಾರ. ನೆನಪಿನಿಂದ ಮತ್ತೆ ಮತ್ತೆ ಮೇಲಕ್ಕೆ ತಂದು ಅರಗಿಸಿಕೊಳ್ಳುತ್ತಾನೆ. ಆದರೆ ಬರಿಯ ಮೆಲುಕು ಸಾಲದು, ಮೆಲ್ಲುವುದು ಸತ್ಯವೋ ಸುಳ್ಳೋ ಎಂಬ ವಿಂಗಡಣೆಯೂ ಬೇಕು. ಹುರುಪೆ, ರೆಕ್ಕೆಗಳಿಲ್ಲದ ಜಲಚರ ಪ್ರವಾಹಕ್ಕೆ ಕೊಚ್ಚಿಹೋಗುತ್ತದೆ. ಅವೆರಡೂ ಇರುವ ಮೀನು ಸೆಳೆತಕ್ಕೆ ಎದುರಾಗಿ ಈಜುತ್ತದೆ. ಸುಖದ ಸೆಳೆತ ಮತ್ತು ಸಂಯಮಕ್ಕೆ ಅವನು ಕೊಟ್ಟ ಚಿತ್ರ ಇದು. ಇಲ್ಲಿ ಗಮನಿಸಬೇಕಾದದ್ದು, ಎಲಿಯಾಜರನಿಗಾಗಲಿ ಫೈಲೋಗಾಗಲಿ ಒಳಾರ್ಥ ಸಿಕ್ಕಿತೆಂದು ಆಚರಣೆ ಬಿಟ್ಟುಹೋಗಲಿಲ್ಲ. ತಟ್ಟೆಯ ನಿಯಮವೂ ಮನಸ್ಸಿನ ನಿಯಮವೂ ಒಟ್ಟಿಗೇ ನಡೆದವು.

ಯೊಪ್ಪದ ಮಾಳಿಗೆ

ಕ್ರೈಸ್ತರ ಮೊದಲ ಸಾಂಕೇತಿಕ ಓದು ಅಪೊಸ್ತಲರ ಕೃತ್ಯಗಳ 10ನೆಯ ಅಧ್ಯಾಯದಲ್ಲಿದೆ. ಯೊಪ್ಪ ಪಟ್ಟಣದಲ್ಲಿ ಸಮುದ್ರದ ಬಳಿಯ ಮನೆಯೊಂದರ ಮಾಳಿಗೆ, ಮಧ್ಯಾಹ್ನದ ಹೊತ್ತು, ಯೇಸುವಿನ ಶಿಷ್ಯ ಪೇತ್ರನಿಗೆ ಹಸಿವು. ಆಕಾಶದಿಂದ ನಾಲ್ಕು ಮೂಲೆ ಹಿಡಿದ ದುಪ್ಪಟಿಯೊಂದು ಇಳಿಯುತ್ತದೆ, ಅದರ ತುಂಬ ಎಲ್ಲ ಬಗೆಯ ಪ್ರಾಣಿಗಳು. ಕೊಂದು ತಿನ್ನು ಎನ್ನುತ್ತದೆ ಧ್ವನಿ. ಅಶುದ್ಧವಾದದ್ದನ್ನು ನಾನೆಂದೂ ತಿಂದಿಲ್ಲ ಎನ್ನುತ್ತಾನೆ ಪೇತ್ರ. ಇದು ಮೂರು ಸಲ ನಡೆಯುತ್ತದೆ. ಆ ಮನೆ ಚರ್ಮ ಹದಮಾಡುವ ಸೀಮೋನನದು. ಸತ್ತ ಪ್ರಾಣಿಗಳ ನಡುವೆಯೇ ಅವನ ಕಸುಬು.

ರೋಮನ್ ಸೇನಾಧಿಕಾರಿ ಕೊರ್ನೇಲ್ಯನ ಮನೆಯಲ್ಲಿ ಪೇತ್ರ ತನ್ನ ದರ್ಶನಕ್ಕೆ ಹೇಳುವ ಅರ್ಥದಲ್ಲಿ ಊಟದ ಸುದ್ದಿಯೇ ಇಲ್ಲ. ಯಾವ ಮನುಷ್ಯನನ್ನೂ ಅಶುದ್ಧನೆಂದು ಎಣಿಸಬಾರದೆಂದು ದೇವರು ತನಗೆ ತೋರಿಸಿದ್ದಾನೆ ಎನ್ನುತ್ತಾನೆ. ಪ್ರಾಣಿಗಳು ಇಲ್ಲಿ ಜನರ ಸಂಕೇತವಾದವು, ಅದೂ ಜನರ ನಡುವಿನ ಗೆರೆಯನ್ನು ಅಳಿಸುವುದಕ್ಕಾಗಿ. ಮುಂದಿನ ವ್ಯಾಖ್ಯಾನಕಾರರನ್ನೆಲ್ಲ ಈ ಅಳತೆಗೋಲಿನಿಂದಲೇ ಅಳೆಯುವುದು ನ್ಯಾಯ.

ಕನ್ನಡಿಯಿಂದ ಮುದ್ರೆಗೆ

‘ಬಾರ್ನಬನ ಪತ್ರಿಕೆ’ ಕ್ರಿ.ಶ. 70ರಿಂದ 132ರ ನಡುವಿನ ಕೃತಿ. 4ನೆಯ ಶತಮಾನದ ಸಿನಾಯ್ ಹಸ್ತಪ್ರತಿಯಲ್ಲಿ ಅದು ಹೊಸ ಒಡಂಬಡಿಕೆಯ ಪುಸ್ತಕಗಳ ಜೊತೆಗೇ ಇದೆ. ಅದರ 10ನೆಯ ಅಧ್ಯಾಯದ ಪ್ರಕಾರ ಮೋಶೆ ಆಹಾರದ ಮಾತನ್ನು ಆಡಿದ್ದೇ ಆತ್ಮದ ಅರ್ಥದಲ್ಲಿ. ಹೊಟ್ಟೆ ತುಂಬಿದಾಗ ಒಡೆಯನನ್ನು ಮರೆತು ಹಸಿದಾಗ ಕಿರುಚುವ ಹಂದಿ, ಸುಖದಲ್ಲಿ ದೇವರನ್ನು ಮರೆಯುವವನ ಚಿತ್ರ. ಹದ್ದು, ಕಾಗೆಗಳು ದುಡಿಯದೆ ಪರರದ್ದನ್ನು ಕಸಿಯುವವರು. ಮೆಲುಕು ಹಾಕುವುದು ದೇವರ ವಚನವನ್ನು ಧ್ಯಾನಿಸುವುದು. ಸೀಳುಗೊರಸು ಈ ಲೋಕದಲ್ಲಿ ನಡೆಯುತ್ತಲೇ ಬರಲಿರುವ ಪವಿತ್ರ ಕಾಲವನ್ನು ಎದುರುನೋಡುವುದು. ವರ್ಷಕ್ಕೊಮ್ಮೆ ಲಿಂಗ ಬದಲಿಸುತ್ತದೆಂದು ನಂಬಲಾಗಿದ್ದ ಕತ್ತೆಕಿರುಬವನ್ನೂ ಲೇಖಕ ಸೇರಿಸುತ್ತಾನೆ. ಯಾಜಕಕಾಂಡದ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಆ ನಂಬಿಕೆಯನ್ನು ಅರಿಸ್ಟಾಟಲ್ ಆಗಲೇ ಅಲ್ಲಗಳೆದಿದ್ದ. ಮುಂದೆ ಅಲೆಕ್ಸಾಂಡ್ರಿಯದ ಕ್ಲೆಮೆಂಟನೂ ಅದನ್ನು ಒಪ್ಪಲಿಲ್ಲ.

ಫೈಲೋಗೂ ಈ ಲೇಖಕನಿಗೂ ಇರುವ ದೊಡ್ಡ ಅಂತರ ಬೇರೆಡೆ ಇದೆ. ಯೆಹೂದಿಗಳು ನಿಯಮವನ್ನು ಅಕ್ಷರಶಃ ಹಿಡಿದು ಮೋಶೆಯನ್ನು ತಪ್ಪಾಗಿ ತಿಳಿದರು ಎಂಬುದು ಬಾರ್ನಬನ ಪತ್ರಿಕೆಯ ಆರೋಪ. ಯೆಹೂದಿಗಳಿಂದಲೇ ಎರವಲು ಬಂದ ಓದು ಯೆಹೂದಿಗಳ ವಿರುದ್ಧವೇ ಸಾಕ್ಷಿಯಾಯಿತು.

ಸುಮಾರು 180ರಲ್ಲಿ ಲಿಯೋನ್ ಪಟ್ಟಣದ ಬಿಷಪ್ ಇರೇನಿಯಸ್ ‘ಪಾಷಂಡಮತಗಳ ವಿರುದ್ಧ’ ಎಂಬ ಕೃತಿಯ ಐದನೆಯ ಭಾಗದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದ. ತಂದೆ ಮತ್ತು ಮಗನಲ್ಲಿ ದೃಢವಾಗಿ ನಂಬಿಕೆಯಿಟ್ಟು ದೇವರ ಮಾತನ್ನು ಹಗಲಿರುಳು ಧ್ಯಾನಿಸುವವರು ಎರಡೂ ಲಕ್ಷಣವುಳ್ಳ ಶುದ್ಧರು. ಎರಡೂ ಇಲ್ಲದವರು ಅನ್ಯಜನರು. ಮೆಲುಕಿದ್ದು ಸೀಳುಗೊರಸಿಲ್ಲದವರು ಯೆಹೂದಿಗಳು. ಗೊರಸಿದ್ದು ಮೆಲುಕಿಲ್ಲದವರು ಪಾಷಂಡಿಗಳು. ಓದುವುದಕ್ಕೆ ಬಹಳ ಅಚ್ಚುಕಟ್ಟಾದ ವಿಂಗಡಣೆ. ಆದರೆ ಯೊಪ್ಪದ ಮಾಳಿಗೆಯ ಮೇಲೆ ಅಳಿಸಿಹೋದ ಗೆರೆಯನ್ನೇ ಅದು ಮತ್ತೆ ಎಳೆಯಿತು.

3ನೆಯ ಶತಮಾನದ ನಡುಭಾಗದಲ್ಲಿ ರೋಮಿನ ನೊವೇಷಿಯನ್ ‘ಯೆಹೂದಿ ಆಹಾರಗಳು’ ಎಂಬ ಸಣ್ಣ ಗ್ರಂಥದಲ್ಲಿ ಪ್ರಾಣಿಗಳನ್ನು ಮತ್ತೆ ಕನ್ನಡಿಯಾಗಿಸಿದ. ದೇವರು ಸೃಷ್ಟಿಸಿದ್ದೆಲ್ಲ ಒಳ್ಳೆಯದೇ. ದೋಷವಿರುವುದು ಮನುಷ್ಯನ ನಡತೆಯಲ್ಲಿ. ಬೆಳಕಿಗೆ ಅಂಜುವ ಗೂಬೆಯಲ್ಲಿ ಸತ್ಯಕ್ಕೆ ಅಂಜುವವನನ್ನು, ಕತ್ತೆತ್ತಿದ ಹಂಸದಲ್ಲಿ ಗರ್ವಿಯನ್ನು ಅವನು ಕಂಡ.

ಈ ಓದಿಗೆ ತಾತ್ವಿಕ ತಳಹದಿ ಹಾಕಿಕೊಟ್ಟವನು ಬಿಷಪ್ ಆಗಸ್ಟೀನ್. ಹೀಬ್ರೂ ಗ್ರಂಥವನ್ನೇ ತಿರಸ್ಕರಿಸಿದ್ದ ಮಾನಿಕೇಯ ಪಂಥದ ಫೌಸ್ಟಸನಿಗೆ ಉತ್ತರವಾಗಿ ಸುಮಾರು 400ರಲ್ಲಿ ಬರೆದ ಕೃತಿಯಲ್ಲಿ ಅವನು ಒಂದು ಹೋಲಿಕೆ ಕೊಡುತ್ತಾನೆ. ‘ಜ್ಞಾನಿ’ ಎಂಬ ಪದ, ‘ಮೂಢ’ ಎಂಬ ಪದ ಎರಡನ್ನೂ ಉಚ್ಚರಿಸಿ ನೋಡಿ. ಧ್ವನಿಯಾಗಿ, ಅಕ್ಷರವಾಗಿ ಎರಡೂ ಶುದ್ಧವೇ. ಸೂಚಿಸುವ ಅರ್ಥದಲ್ಲಿ ಮಾತ್ರ ಒಂದು ಬೇಕಾದದ್ದು, ಇನ್ನೊಂದು ಬೇಡವಾದದ್ದು. ಕುರಿಮರಿಯೂ ಹಂದಿಯೂ ಹಾಗೆಯೇ: ಹುಟ್ಟುಗುಣದಿಂದ ಎರಡೂ ಶುದ್ಧ, ಸಂಕೇತವಾಗಿ ಮಾತ್ರ ಬೇರೆ. ಈ ಒಂದು ವಿವೇಚನೆಯಿಂದ ಪ್ರಾಣಿಯ ಮೇಲಿನ ಕಳಂಕ ಕಳಚಿಬಿತ್ತು, ಗ್ರಂಥದ ಗೌರವವೂ ಉಳಿಯಿತು.

ವಿಟ್ಬಿಯ ಕೊಟ್ಟಿಗೆ

ಕನ್ನಡಿಯ ದಾರಿ ಎಂಥ ಫಲ ಕೊಟ್ಟಿತೆಂಬುದಕ್ಕೆ 731ರಲ್ಲಿ ಸನ್ಯಾಸಿ ಬೀಡ್ ಮುಗಿಸಿದ ಇಂಗ್ಲಿಷರ ಧರ್ಮಸಭೆಯ ಇತಿಹಾಸದಲ್ಲಿ ಒಂದು ಪ್ರಸಂಗವಿದೆ. ಹಿಲ್ಡ ಎಂಬ ಮಠಾಧ್ಯಕ್ಷೆಯ ವಿಟ್ಬಿ ಮಠದಲ್ಲಿ ಕ್ಯಾಡ್ಮನ್ ಎಂಬ ಆಳು. ಅವನಿಗೆ ಹಾಡು ಬಾರದು. ಔತಣದಲ್ಲಿ ಒಬ್ಬರಿಂದೊಬ್ಬರಿಗೆ ದಾಟುವ ವೀಣೆ ತನ್ನತ್ತ ಬರುವುದನ್ನು ಕಂಡರೆ ಎದ್ದು ಹೊರಟುಬಿಡುತ್ತಿದ್ದ. ಹಾಗೆ ಎದ್ದುಬಂದ ಒಂದು ರಾತ್ರಿ ದನಗಳ ಕಾವಲು ಅವನದಾಗಿತ್ತು, ಕೊಟ್ಟಿಗೆಯಲ್ಲೇ ಮಲಗಿದ. ಸೃಷ್ಟಿಯನ್ನು ಹಾಡು ಎಂದು ಕನಸಿನಲ್ಲಿ ಯಾರೋ ಹೇಳಿದರು, ಅವನು ಹಾಡಿದ. ಮರುದಿನದಿಂದ ಮಠದವರು ಅವನಿಗೆ ಪವಿತ್ರ ಕಥೆಗಳನ್ನು ಹೇಳತೊಡಗಿದರು. ಕೇಳಿದ್ದನ್ನೆಲ್ಲ ಅವನು ಶುದ್ಧ ಪ್ರಾಣಿಯಂತೆ ಮೆಲುಕು ಹಾಕಿ ಸವಿಯಾದ ಪದ್ಯವಾಗಿಸುತ್ತಿದ್ದನೆಂದು ಬೀಡ್ ಬರೆಯುತ್ತಾನೆ. ಓದುಬರಹವಿಲ್ಲದ ದನಗಾಹಿಗೆ ಸಲ್ಲುವ ಅತ್ಯುನ್ನತ ಹೊಗಳಿಕೆ ಯಾಜಕಕಾಂಡದ ಒಂದು ಲಕ್ಷಣದಿಂದ ಬಂತು.

12ನೆಯ ಶತಮಾನದಲ್ಲಿ ಕಾರ್ಥೂಸಿಯನ್ ಸನ್ಯಾಸಿ ಎರಡನೆಯ ಗ್ವಿಗೊ ಇದನ್ನೇ ಸಾಧನಾಕ್ರಮವಾಗಿ ನಾಲ್ಕು ಮೆಟ್ಟಿಲುಗಳಲ್ಲಿ ಜೋಡಿಸಿದ. ಓದು ತುತ್ತನ್ನು ಬಾಯಿಗಿಡುತ್ತದೆ, ಧ್ಯಾನ ಅಗಿಯುತ್ತದೆ, ಪ್ರಾರ್ಥನೆ ರುಚಿ ಹಿಡಿಯುತ್ತದೆ, ದರ್ಶನ ಸವಿಯೇ ಆಗುತ್ತದೆ. ಇಲ್ಲಿ ಅಶುದ್ಧರ ಪಟ್ಟಿಯೇ ಬೇಕಿಲ್ಲ.

ಮುದ್ರೆಯ ದಾರಿಯೂ ಮುಂದುವರಿಯಿತು. ಜರ್ಮನಿಯ ವಿಟೆನ್‌ಬರ್ಗ್ ಪಟ್ಟಣದ ಚರ್ಚಿನ ಹೊರಗೋಡೆಯಲ್ಲಿ, ಹಂದಿಯ ಮೊಲೆಗೆ ಬಾಯಿಟ್ಟ ಯೆಹೂದಿಗಳನ್ನು ತೋರಿಸುವ 13ನೆಯ ಶತಮಾನದ ಕೆತ್ತನೆಯಿದೆ. 1543ರಲ್ಲಿ ಮಾರ್ಟಿನ್ ಲೂಥರ್ ಅದನ್ನೇ ತನ್ನ ಯೆಹೂದಿದ್ವೇಷದ ಬರಹದಲ್ಲಿ ಬಳಸಿಕೊಂಡ. ಅದನ್ನು ತೆಗೆಸಬೇಕೆಂಬ ದೂರನ್ನು 2022ರಲ್ಲಿ ಜರ್ಮನಿಯ ಒಕ್ಕೂಟ ನ್ಯಾಯಾಲಯ ತಳ್ಳಿಹಾಕಿತು. ಇರೇನಿಯಸನಿಂದ ಈ ಗೋಡೆಗೆ ನೇರ ಗೆರೆ ಎಳೆಯುವುದು ಇತಿಹಾಸಕ್ಕೆ ಅಪಚಾರ. ಆದರೆ ಒಂದು ಜನಾಂಗವನ್ನು ಪ್ರಾಣಿಪಟ್ಟಿಯಲ್ಲಿ ಹುಡುಕುವ ಅಭ್ಯಾಸ ಎಷ್ಟು ಕೆಳಕ್ಕೆ ಇಳಿಯಬಲ್ಲದೆಂಬುದಕ್ಕೆ ಆ ಕಲ್ಲು ಸಾಕ್ಷಿ. ಆ ಜನ ಹಂದಿಯನ್ನು ಮುಟ್ಟದವರು ಎಂಬುದರಲ್ಲೇ ಅದರ ಕ್ರೌರ್ಯವಿದೆ.

ಆಧುನಿಕ ಓದು ಮತ್ತು ಕರ್ನಾಟಕ

1966ರಲ್ಲಿ ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ ‘ಪ್ಯೂರಿಟಿ ಅಂಡ್ ಡೇಂಜರ್’ ಕೃತಿಯಲ್ಲಿ ಈ ಪಟ್ಟಿಯನ್ನು ಹೊಸದಾಗಿ ಓದಿದರು. ನೆಲ, ನೀರು, ಆಕಾಶಗಳಿಗೆ ತಕ್ಕ ಚಲನೆಯುಳ್ಳವು ಶುದ್ಧ, ವರ್ಗಕ್ಕೆ ಹೊಂದದವು ಅಶುದ್ಧ ಎಂಬುದು ಅವರ ವಾದ. ಈ ಚಿಂತನೆಗೆ ನಮ್ಮ ನೆಲದ ಋಣವೂ ಇದೆ: ಎಂ.ಎನ್. ಶ್ರೀನಿವಾಸರ ಕೊಡವರ ಅಧ್ಯಯನವನ್ನೂ ಮಲೆನಾಡಿನ ಹವ್ಯಕರ ಮಡಿಯ ಕುರಿತ ಎಡ್ವರ್ಡ್ ಹಾರ್ಪರರ ಬರಹವನ್ನೂ ಅವರು ಆ ಕೃತಿಯಲ್ಲಿ ಬಳಸಿಕೊಂಡಿದ್ದಾರೆ. ಫೈಲೋನಿಂದ ಬಾರ್ನಬನವರೆಗಿನ ಸಾಂಕೇತಿಕ ಓದುಗಳು ಪ್ರತಿ ಪ್ರಾಣಿಗೂ ಬೇರೆ ಬೇರೆ ಕಾರಣ ಹುಡುಕುತ್ತವೆ, ಹಾಗಾಗಿ ಅವು ವಿವರಣೆಗಳೇ ಆಗಲಾರವು ಎಂಬುದು ಅವರ ತೀರ್ಪು. 1999ರ ‘ಲೆವಿಟಿಕಸ್ ಆ್ಯಸ್ ಲಿಟರೇಚರ್’ ಕೃತಿಯಲ್ಲಿ ಅವರು ತಮ್ಮ ಹಳೆಯ ವಾದವನ್ನೂ ತಿದ್ದಿಕೊಂಡರು.

ಯಾಜಕಕಾಂಡದ ಮೂಲ ಆಶಯ ಹುಡುಕುವವರಿಗೆ ಆ ತೀರ್ಪು ಸರಿ. ಓದಿದವರ ಇತಿಹಾಸ ಹುಡುಕುವವರಿಗೆ ಮಾತ್ರ ಈ ವ್ಯಾಖ್ಯಾನಗಳೇ ಮುಖ್ಯ ಆಧಾರ. ಹಂದಿ, ಒಂಟೆ, ಗೂಬೆಗಳ ಬಗ್ಗೆ ಅವು ಹೇಳುವುದು ಕಡಿಮೆ. ಬರೆದವನು ಆ ಪ್ರಾಣಿಗಳಲ್ಲಿ ಯಾರನ್ನು ಕಂಡ ಎಂಬುದನ್ನು ಸ್ಪಷ್ಟವಾಗಿ ಹೇಳುತ್ತವೆ. ನೆರೆಯವನನ್ನು ಕಂಡವರ ಓದು ವಿಟೆನ್‌ಬರ್ಗಿನ ಗೋಡೆಯಂಥ ಕಡೆಗೆ ವಾಲಿತು. ತನ್ನನ್ನೇ ಕಂಡವರ ಓದು ಕ್ಯಾಡ್ಮನ್ನನ ಹಾಡಿಗೆ, ಗ್ವಿಗೊನ ಮೆಟ್ಟಿಲುಗಳಿಗೆ ಮುಟ್ಟಿತು. ಎರಡು ಲಕ್ಷಣಗಳೂ ಒಟ್ಟಿಗಿರಬೇಕೆಂಬ ಫೈಲೋನ ಎಚ್ಚರಿಕೆ ಈ ಇಡೀ ಪರಂಪರೆಗೇ ಸಲ್ಲುತ್ತದೆ. ಅದು ಗ್ರಂಥವನ್ನು ಮೆಲುಕು ಹಾಕುವುದನ್ನು ಎಂದೂ ಬಿಡಲಿಲ್ಲ. ಮೆಲ್ಲುತ್ತಿರುವುದರಲ್ಲಿ ಪೋಷಣೆ ಯಾವುದು, ವಿಷ ಯಾವುದು ಎಂದು ಬೇರ್ಪಡಿಸುವುದನ್ನು ಹಲವು ಸಲ ಮರೆಯಿತು.