ಸಕ್ಕರೆ ಚೀಟಿಯ ಕಥೆ: ಡಾ. ಪೊಂಪೆಯಿಂದ ಮೊಲದ ಹಾಲಿನವರೆಗೆ

ಆಮ್‌ಸ್ಟರ್‌ಡ್ಯಾಮಿನ ಓ.ಎಲ್.ವಿ.ಜಿ. ಆಸ್ಪತ್ರೆ ಇಲ್ಲಿರೋ ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತು. ಆದರೆ 1939ರಲ್ಲಿ ಅಲ್ಲಿ ಪೆಥಾಲಜಿಸ್ಟ್ ಆಗಿ ಸೇರಿದ ಯೋಹಾನೆಸ್ ಕಾಸಿಯಾನುಸ್ ಪೊಂಪೆ ಅವರ ಹೆಸರನ್ನು ನಾನು ಈ ದೇಶಕ್ಕೆ ಬಂದು ಎಷ್ಟೋ ವರ್ಷ ಕೇಳಿರಲಿಲ್ಲ. ಜಗತ್ತಿನ ವೈದ್ಯಪುಸ್ತಕಗಳಲ್ಲಿ ಒಂದು ಕಾಯಿಲೆಗೇ ಅವರ ಹೆಸರಿದೆ.

1930ರ ಡಿಸೆಂಬರ್ 27ರಂದು ಪೊಂಪೆ ಏಳು ತಿಂಗಳ ಹೆಣ್ಣುಮಗುವಿನ ಶವಪರೀಕ್ಷೆ ಮಾಡಿದರು. ಮಗು ತೀರಿಕೊಂಡದ್ದು ನ್ಯುಮೋನಿಯಾದಿಂದ ಅಂತಿತ್ತು. ಒಳಗೆ ನೋಡಿದರೆ ಹೃದಯ ವಿಪರೀತ ದೊಡ್ಡದು. ಸೂಕ್ಷ್ಮದರ್ಶಕದಲ್ಲಿ ಸ್ನಾಯುವಿನ ಎಳೆಗಳು ಜಾಲರಿಯ ಹಾಗೆ ಕಂಡವು, ಜಾಲರಿಯ ತುಂಬ ಗ್ಲೈಕೋಜೆನ್, ಅಂದ್ರೆ ದೇಹ ಕೂಡಿಟ್ಟುಕೊಳ್ಳೋ ಸಕ್ಕರೆಯ ದಾಸ್ತಾನು. 1932ರಲ್ಲಿ ಇದನ್ನು ಬರೆದು ಪ್ರಕಟಿಸಿದರು. ಅದು ಯಾಕೆ ಹಾಗೆ ತುಂಬಿಕೊಂಡಿತು ಅನ್ನೋದಕ್ಕೆ ಆಗ ಉತ್ತರ ಸಿಗುವ ಹಾಗೇ ಇರಲಿಲ್ಲ.

ಉತ್ತರ ಕಾಣೋವರೆಗೆ ಅವರು ಬದುಕಲೂ ಇಲ್ಲ. ಜರ್ಮನ್ ಆಕ್ರಮಣದ ಕಾಲದಲ್ಲಿ ಪ್ರತಿರೋಧದವರ ರೇಡಿಯೋ ಟ್ರಾನ್ಸ್‌ಮಿಟರ್‌ಗೆ ತಮ್ಮ ಪ್ರಯೋಗಶಾಲೆಯಲ್ಲೇ ಜಾಗ ಕೊಟ್ಟಿದ್ದರು. 1945ರ ಫೆಬ್ರವರಿಯಲ್ಲಿ ಸಿಕ್ಕಿಬಿದ್ದರು. ಏಪ್ರಿಲ್‌ನಲ್ಲಿ ಆಲ್ಕ್‌ಮಾರ್ ಹತ್ತಿರದ ಸಿಂಟ್ ಪಂಕ್ರಾಸ್‌ನಲ್ಲಿ ಪ್ರತಿರೋಧದವರು ರೈಲು ಸೇತುವೆ ಉಡಾಯಿಸಿದರು. ಅದರ ಸೇಡಿಗೆ 15ನೇ ತಾರೀಕು ಪೊಂಪೆ ಸೇರಿ 20 ಕೈದಿಗಳನ್ನು ಗುಂಡಿಟ್ಟು ಕೊಂದರು. ಮೇ 5ಕ್ಕೆ ಬಿಡುಗಡೆ. ಇಪ್ಪತ್ತೇ ದಿನ! ಪ್ರತಿ ವರ್ಷ ಮೇ 4ರ ರಾತ್ರಿ ಎಂಟಕ್ಕೆ ಎರಡು ನಿಮಿಷ ಸುಮ್ಮನೆ ನಿಲ್ಲುವಾಗ ಈಗ ನನಗೆ ಈ ಡಾಕ್ಟರೂ ನೆನಪಾಗ್ತಾರೆ.

1955ರಲ್ಲಿ ಪಕ್ಕದ ಬೆಲ್ಜಿಯಂನ ಕ್ರಿಸ್ಟಿಯನ್ ಡಿ ಡ್ಯೂವ್ ಜೀವಕೋಶದೊಳಗಿನ ಲೈಸೋಸೋಮ್ ಎಂಬ ಸಣ್ಣ ಚೀಲಗಳಿಗೆ ಹೆಸರಿಟ್ಟರು. ಜೀವಕೋಶದ ಕಸ ಜೀರ್ಣವಾಗೋದು ಅಲ್ಲೇ. 1963ರಲ್ಲಿ ಅವರ ಸಹೋದ್ಯೋಗಿ ಹರ್ಸ್, ಪೊಂಪೆ ಕಾಯಿಲೆಯ ಮಕ್ಕಳಲ್ಲಿ ಆ ಚೀಲದೊಳಗೆ ಗ್ಲೈಕೋಜೆನ್ ಕರಗಿಸುವ ಕಿಣ್ವವೇ ಇಲ್ಲ ಅಂತ ತೋರಿಸಿದರು.

ಹಾಗಾದ್ರೆ ಕಿಣ್ವ ಹೊರಗಿನಿಂದ ಕೊಟ್ಟರಾಯ್ತಲ್ಲ? ಕೊಡಬಹುದು, ಆದ್ರೆ ಅದು ಚೀಲದ ಬಾಗಿಲು ಹುಡುಕಿಕೊಂಡು ಹೋಗಬೇಕಲ್ಲ! ಇಲ್ಲಿ ಪಾರ್ಸೆಲ್ ಗೋದಾಮಿನಲ್ಲಿ ರಾತ್ರಿಪಾಳಿ ಮಾಡಿದವರಿಗೆ ಮುಂದಿನದ್ದು ಬೇಗ ಅರ್ಥವಾಗುತ್ತೆ. ಜೀವಕೋಶದಲ್ಲಿ ತಯಾರಾದ ಪ್ರೋಟೀನುಗಳು ಗಾಲ್ಜಿ ಎಂಬ ವಿಂಗಡಣೆ ಕೇಂದ್ರಕ್ಕೆ ಬರ್ತವೆ. ಲೈಸೋಸೋಮಿಗೆ ಹೋಗಬೇಕಾದವಕ್ಕೆ ಅಲ್ಲಿ ಒಂದು ಚೀಟಿ ಅಂಟುತ್ತೆ: ಮ್ಯಾನೋಸ್ ಎಂಬ ಸಕ್ಕರೆಗೆ ಜೋಡಿಸಿದ ಫಾಸ್ಫೇಟ್, ಮ್ಯಾನೋಸ್-6-ಫಾಸ್ಫೇಟ್. ಆ ಚೀಟಿ ಓದೋ ಗ್ರಾಹಕ ಪ್ರೋಟೀನು ಅದನ್ನು ಹಿಡಿದು ಪುಟ್ಟ ಗುಳ್ಳೆಗೆ ಏರಿಸುತ್ತೆ. ದಾರಿಯಲ್ಲಿ ಆಮ್ಲ ಹೆಚ್ಚಿರೋ ನಿಲ್ದಾಣ ಬಂದಾಗ ಹಿಡಿತ ಸಡಿಲವಾಗಿ ಸರಕು ಇಳಿಯುತ್ತೆ, ಗ್ರಾಹಕ ಖಾಲಿ ಟ್ರಾಲಿಯ ಹಾಗೆ ವಾಪಸ್ ಗಾಲ್ಜಿಗೆ. ಚೀಟಿಯೇ ಅಂಟದ ಕಾಯಿಲೆಯೂ ಇದೆ, ಐ-ಸೆಲ್ ಅಂತಾರೆ. ಅದರಲ್ಲಿ ಕಿಣ್ವ ತಯಾರಾಗಿಯೂ ಜೀವಕೋಶದಿಂದ ಹೊರಗೆ ಸೋರಿಹೋಗುತ್ತೆ.

ಚೀಟಿ ಯಾವುದು ಅಂತ ಅಮೆರಿಕದಲ್ಲಿ 1977ರಲ್ಲಿ ಗೊತ್ತಾಯಿತು. ದಾರಿಯನ್ನು ಕಣ್ಣಾರೆ ತೋರಿಸಿದ್ದರಲ್ಲಿ ಉಟ್ರೆಕ್ಟ್‌ನವರ ಪಾಲು ದೊಡ್ಡದು. ಹಾನ್ಸ್ ಖ್ಯೂಜೆ ಮತ್ತು ಯಾನ್ ಸ್ಲಾಟ್ ಹೆಪ್ಪುಗಟ್ಟಿಸಿದ ಜೀವಕೋಶವನ್ನು ಅತಿ ತೆಳ್ಳಗೆ ಹೆಚ್ಚಿ, ಬಂಗಾರದ ಕಣಗಳಿಂದ ಆ ಗ್ರಾಹಕವನ್ನು ಗುರುತು ಹಾಕಿದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಪ್ಪು ಚುಕ್ಕೆಗಳು ಗಾಲ್ಜಿಯಲ್ಲಿವೆ, ನಡುವಿನ ನಿಲ್ದಾಣದಲ್ಲಿವೆ, ಲೈಸೋಸೋಮಿನಲ್ಲಿ ಇಲ್ಲ. ಟ್ರಾಲಿ ಕೊನೆಯವರೆಗೆ ಹೋಗೋದಿಲ್ಲ ಅಂತ 1985ರ ಹೊತ್ತಿಗೆ ಹೀಗೆ ಖಾತ್ರಿಯಾಯಿತು. ಈ ಇಡೀ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಇದು.

ಈ ಗ್ರಾಹಕ ಜೀವಕೋಶದ ಹೊರಗೋಡೆಯ ಮೇಲೂ ಇರುತ್ತೆ. ಅಂದ್ರೆ ಚೀಟಿ ಇರೋ ಕಿಣ್ವವನ್ನು ರಕ್ತಕ್ಕೆ ಬಿಟ್ಟರೂ ಒಳಗೆ ಎಳೆದುಕೊಳ್ಳಬಹುದು. ರಾಟರ್‌ಡ್ಯಾಮಿನ ಆರ್ನಾಲ್ಡ್ ರಾಯ್ಸರ್ ಮತ್ತು ಆನ್ಸ್ ಫಾನ್ ಡೆರ್ ಪ್ಲುಖ್ 1980ರ ದಶಕದಲ್ಲಿ ಹೋರಿಯ ವೃಷಣದಿಂದ ತೆಗೆದ ಕಿಣ್ವದಿಂದ ಇದನ್ನು ಪೊಂಪೆ ರೋಗಿಗಳ ಸ್ನಾಯುಕೋಶಗಳಲ್ಲಿ ಸಾಧಿಸಿದರು. ಮಕ್ಕಳಿಗೆ ಕೊಡೋಷ್ಟು ಕಿಣ್ವ ಎಲ್ಲಿಂದ ತರೋದು? ಲೈಡನ್ನಿನ ಫಾರ್ಮಿಂಗ್ ಕಂಪನಿ ಮಾನವ ಜೀನ್ ಸೇರಿಸಿದ ಮೊಲಗಳ ಹಾಲಿನಲ್ಲಿ ಅದನ್ನು ತೆಗೆಯಿತು. 1999ರಲ್ಲಿ ರಾಟರ್‌ಡ್ಯಾಮಿನಲ್ಲಿ ನಾಲ್ಕು ಶಿಶುಗಳಿಗೆ ಕೊಡಲು ಶುರು ಮಾಡಿದರು. ಸಾಮಾನ್ಯವಾಗಿ ಒಂದು ವರ್ಷ ತುಂಬುವ ಮೊದಲೇ ಸಾಯೋ ಕಾಯಿಲೆ ಇದು. ಆ ಮಕ್ಕಳ ಹೃದಯದ ಗಾತ್ರ ಇಳಿಯಿತು. ಆಮೇಲೆ ಮೊಲ ಬಿಟ್ಟು ಹ್ಯಾಮ್‌ಸ್ಟರ್ ಜೀವಕೋಶಗಳಲ್ಲಿ ತಯಾರಿಸಿದ ಔಷಧಿಗೆ 2006ರಲ್ಲಿ ಒಪ್ಪಿಗೆ ಸಿಕ್ಕಿತು.

ಬೆಲೆ ಕೇಳಿದ್ರೆ ಎದೆ ಝಲ್ ಅನ್ನುತ್ತೆ, ಒಬ್ಬ ರೋಗಿಗೆ ವರ್ಷಕ್ಕೆ ಲಕ್ಷಗಟ್ಟಲೆ ಯೂರೋ. ದೊಡ್ಡವರಲ್ಲಿ ಕಾಣೋ ಪೊಂಪೆಗೆ ಇದನ್ನು ಮೂಲ ವಿಮೆಯಿಂದ ಕೈಬಿಡಬೇಕು ಅನ್ನೋ ಕರಡು ಸಲಹೆ 2012ರಲ್ಲಿ ಬಯಲಾದಾಗ ದೇಶವೆಲ್ಲ ಗಲಾಟೆ ಎದ್ದಿತು. ಔಷಧಿ ವಿಮೆಯಲ್ಲೇ ಉಳಿಯಿತು. ತಿಂಗಳು ತಿಂಗಳು ನಾವು ಗೊಣಗುತ್ತಾ ಕಟ್ಟೋ ವಿಮೆಕಂತಿನ ಚೂರೊಂದು ಅಲ್ಲಿಗೂ ಹೋಗುತ್ತೆ. ಹೋಗಲಿ ಅಂತಲೇ ನನ್ನ ಅಭಿಪ್ರಾಯ. ನಮ್ಮೂರ ಕಡೆ ಇಂಥ ಮಕ್ಕಳಿಗೆ ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯಲ್ಲಿ ಚಿಕಿತ್ಸೆ ಇದೆ. 2021ರ ಕೇಂದ್ರ ನೀತಿಯ ಕೆಳಗೆ ಒಬ್ಬರಿಗೆ ಸಿಗೋ ನೆರವಿನ ಮಿತಿ ಈಗ 50 ಲಕ್ಷ ರೂಪಾಯಿ. ಕಿಣ್ವವನ್ನಾದರೋ ಎರಡು ವಾರಕ್ಕೊಮ್ಮೆ, ಬದುಕಿರೋವರೆಗೂ ಕೊಡಬೇಕು.