ರಾಜು ತಾಳಿಕೋಟಿ

ರಾಜು ತಾಳಿಕೋಟಿ (ಮೂಲ ಹೆಸರು ರಾಜೇಸಾಬ್ ಮಕ್ತುಮ್‌ಸಾಬ್, ನಿಧನ: 13 ಅಕ್ಟೋಬರ್ 2025) ಕನ್ನಡ ವೃತ್ತಿ ರಂಗಭೂಮಿಯ ಹಾಸ್ಯನಟರು, ನಾಟಕ ಕಂಪನಿಯನ್ನು ನಡೆಸಿದವರು ಮತ್ತು ಚಲನಚಿತ್ರ ನಟರು. 2024ರ ಆಗಸ್ಟ್‌ನಿಂದ ನಿಧನರಾಗುವವರೆಗೆ ಕರ್ನಾಟಕ ಸರ್ಕಾರದ ಧಾರವಾಡ ರಂಗಾಯಣದ ನಿರ್ದೇಶಕರಾಗಿದ್ದರು. ಜಾತ್ರೆಗಳ ತಗಡಿನ ರಂಗಮಂದಿರಗಳಲ್ಲಿ ಟಿಕೆಟ್ಟಿನ ಹಣದ ಮೇಲೆ ಬದುಕಿದ ಪರಂಪರೆಯ ಕಲಾವಿದರೊಬ್ಬರು ಸರ್ಕಾರಿ ರಂಗಸಂಸ್ಥೆಯ ಮುಖ್ಯಸ್ಥರಾದದ್ದು ಅವರ ವೃತ್ತಿಜೀವನದ ವಿಶೇಷ ಘಟ್ಟವಾಗಿದೆ.

ಹಿನ್ನೆಲೆ

ರಾಜು ಅವರದು ವಿಜಯಪುರ ಜಿಲ್ಲೆಯ ರಂಗಕಲಾವಿದರ ಕುಟುಂಬ. ತಂದೆ ತಾಯಿ ಇಬ್ಬರೂ ನಾಟಕದವರು. ಕುಟುಂಬದ ಕಂಪನಿಯ ಹೆಸರು ಖಾಸ್ಗತೇಶ್ವರ ನಾಟ್ಯ ಸಂಘ. ತಾಳಿಕೋಟಿಯ ಪ್ರಸಿದ್ಧ ಖಾಸ್ಗತ ಮಠದ ಹೆಸರನ್ನು ಮುಸ್ಲಿಂ ಕುಟುಂಬವೊಂದು ತನ್ನ ನಾಟಕ ಸಂಘಕ್ಕೆ ಇಟ್ಟುಕೊಂಡದ್ದು ಹೊರಗಿನವರಿಗೆ ಅಚ್ಚರಿ ತರಬಹುದು. ಆ ಭಾಗದ ಕಂಪನಿ ನಾಟಕಗಳ ಲೋಕದಲ್ಲಿ ಅದು ಸಹಜ ಸಂಗತಿ. ಊರಿನ ಹೆಸರೇ ಮುಂದೆ ಅವರ ಹೆಸರಿನ ಭಾಗವಾಯಿತು.

ಉತ್ತರ ಕರ್ನಾಟಕದಲ್ಲಿ ಕಂಪನಿ ನಾಟಕಗಳಿಗೆ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಗದಗಿನ ಗರುಡ ಸದಾಶಿವರಾಯರು, 2017ರಲ್ಲಿ ನಿಧನರಾದ ಶತಾಯುಷಿ ಏಣಗಿ ಬಾಳಪ್ಪ ಮೊದಲಾದವರು ಈ ಪರಂಪರೆಯನ್ನು ಕಟ್ಟಿದರು. ಕಂಪನಿಯು ಒಂದು ಊರಿನಲ್ಲಿ ಕ್ಯಾಂಪ್ ಹಾಕಿ, ಜನ ಬರುವಷ್ಟು ದಿನ ನಾಟಕವಾಡಿ, ಸಾಮಾನು ಕಟ್ಟಿಕೊಂಡು ಮುಂದಿನ ಊರಿಗೆ ಹೋಗುತ್ತದೆ. ಬಾದಾಮಿ ಸಮೀಪದ ಬನಶಂಕರಿ ಜಾತ್ರೆಯಲ್ಲಿ ಹಲವು ಕಂಪನಿಗಳು ಏಕಕಾಲಕ್ಕೆ ಬಿಡಾರ ಹೂಡುತ್ತವೆ. ಅನೇಕ ಕಂಪನಿಗಳ ವರ್ಷದ ಲೆಕ್ಕಾಚಾರ ಅಲ್ಲಿನ ಗಳಿಕೆಯನ್ನೇ ನೆಚ್ಚಿರುತ್ತದೆ. ಸಿನಿಮಾ ಮತ್ತು ಕಿರುತೆರೆಯ ಪೈಪೋಟಿಯಲ್ಲಿ ಕಂಪನಿಗಳ ಸಂಖ್ಯೆ ಕುಗ್ಗಿದಂತೆ, ಪ್ರೇಕ್ಷಕರನ್ನು ಹಿಡಿದಿಡುವ ಹೊಣೆ ಹೆಚ್ಚೆಚ್ಚಾಗಿ ಹಾಸ್ಯನಟರ ಮೇಲೆ ಬಿತ್ತು. ರಾಜು ತಾಳಿಕೋಟಿ ಹೆಸರು ಮಾಡಿದ್ದು ಈ ಸಂದರ್ಭದಲ್ಲಿ.

ರಂಗಭೂಮಿ

ಅವರಿಗೆ ಅಪಾರ ಜನಪ್ರಿಯತೆ ತಂದ ನಾಟಕ ‘ಕಲಿಯುಗದ ಕುಡುಕ’. ಇದರ ಧ್ವನಿಸುರುಳಿಗಳು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ವ್ಯಾಪಕವಾಗಿ ಹರಡಿದವು. ಅವರ ಮುಖವನ್ನು ರಂಗದ ಮೇಲೆ ಕಾಣದವರಿಗೂ ಧ್ವನಿ ಪರಿಚಿತವಾಗಿತ್ತು. ‘ಕುಡುಕರ ಸಾಮ್ರಾಜ್ಯ’, ‘ಅಸಲಿ ಕುಡುಕ’ ಇದೇ ಮಾದರಿಯ ಇತರ ನಾಟಕಗಳು.

ಇವುಗಳ ಕೇಂದ್ರದಲ್ಲಿರುವುದು ಕುಡುಕನ ಪಾತ್ರ. ವಿಜಯಪುರ ಸೀಮೆಯ ಆಡುಮಾತಿನಲ್ಲಿ, ಬಿಡುವಿಲ್ಲದ ಮಾತುಗಾರಿಕೆಯಲ್ಲಿ ಈ ಪಾತ್ರ ಸಂಸಾರದ ಜಗಳವನ್ನೂ ಊರಿನ ದೊಡ್ಡವರ ನಡೆಯನ್ನೂ ಒಟ್ಟಿಗೆ ಎಳೆದು ತರುತ್ತದೆ. ಎಚ್ಚರವಿದ್ದವನು ಆಡಲಾಗದ ಮಾತನ್ನು ಅಮಲಿನಲ್ಲಿದ್ದವನು ಆಡಬಲ್ಲ ಎಂಬುದೇ ಇಲ್ಲಿನ ಹಾಸ್ಯದ ಬಂಡವಾಳ. ಕಂಪನಿ ನಾಟಕಗಳ ಹಾಸ್ಯದಲ್ಲಿ ದ್ವಂದ್ವಾರ್ಥ ಹೆಚ್ಚಾಯಿತೆಂಬ ಆಕ್ಷೇಪ ಹಳೆಯದು. ಟಿಕೆಟ್ ಮಾರಾಟವೊಂದನ್ನೇ ನಂಬಿದ ವ್ಯವಸ್ಥೆಯ ಒತ್ತಡವನ್ನು ಬಿಟ್ಟು ಈ ಆಕ್ಷೇಪವನ್ನು ತೂಗುವುದು ಕಷ್ಟ.

ಚಲನಚಿತ್ರ ಮತ್ತು ಕಿರುತೆರೆ

ಯೋಗರಾಜ್ ಭಟ್ ನಿರ್ದೇಶನದ ‘ಮನಸಾರೆ’ (2009) ಅವರನ್ನು ರಾಜ್ಯದಾದ್ಯಂತ ಪರಿಚಯಿಸಿತು. ಮಾನಸಿಕ ಅಸ್ವಸ್ಥರ ಆಸ್ಪತ್ರೆಯ ಹಿನ್ನೆಲೆಯ ಈ ಚಿತ್ರದಲ್ಲಿ ಅವರ ಪಾತ್ರ ಮತ್ತು ಮಾತಿನ ಧಾಟಿ ದಕ್ಷಿಣ ಕರ್ನಾಟಕದ ಪ್ರೇಕ್ಷಕರಿಗೂ ಹಿಡಿಸಿತು. ಮುಂದೆ ‘ಪಂಚರಂಗಿ’, ‘ಮೈನಾ’, ‘ರಾಜಾಹುಲಿ’ ಮುಂತಾದ ಚಿತ್ರಗಳಲ್ಲಿ ನಟಿಸಿದರು. ‘ಬಿಗ್ ಬಾಸ್ ಕನ್ನಡ’ದ ಏಳನೆಯ ಆವೃತ್ತಿಯಲ್ಲಿ ಸ್ಪರ್ಧಿಯಾಗಿದ್ದರು.

ಧಾರವಾಡ ರಂಗಾಯಣ

ರಂಗಾಯಣವು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಅನುದಾನದಿಂದ ನಡೆಯುವ ರಂಗಸಂಸ್ಥೆ. 1989ರಲ್ಲಿ ಮೈಸೂರಿನಲ್ಲಿ ಆರಂಭವಾದ ಇದರ ಮೊದಲ ನಿರ್ದೇಶಕರು ಬಿ.ವಿ. ಕಾರಂತ. ಕಲಾವಿದರಿಗೆ ಸಂಬಳ ಕೊಟ್ಟು, ಗಲ್ಲಾಪೆಟ್ಟಿಗೆಯ ಚಿಂತೆಯಿಲ್ಲದೆ ಅಭ್ಯಾಸ ಮತ್ತು ಪ್ರಯೋಗಗಳಲ್ಲಿ ತೊಡಗಿಸುವುದು ಅದರ ಮೂಲ ಕಲ್ಪನೆ. ಕಂಪನಿಯ ಜೀವನಕ್ರಮಕ್ಕೆ ಇದು ತೀರ ಭಿನ್ನವಾದದ್ದು. ಮುಂದೆ ಶಿವಮೊಗ್ಗ, ಧಾರವಾಡ, ಕಲಬುರಗಿಗಳಿಗೂ ರಂಗಾಯಣ ವಿಸ್ತರಿಸಿತು. ಧಾರವಾಡದ ಘಟಕವು ಪಂಡಿತ ಬಸವರಾಜ ರಾಜಗುರು ಬಯಲು ರಂಗಮಂದಿರದ ಆವರಣದಲ್ಲಿದೆ. ಬೈರಿದೇವರಕೊಪ್ಪ, ನವನಗರಗಳ ಮೂಲಕ ಬೆಸೆದುಕೊಂಡಿರುವ ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಎರಡೂ ರಂಗಪರಂಪರೆಗಳಿವೆ: ಧಾರವಾಡದಲ್ಲಿ ಶ್ರೀರಂಗ, ಗಿರೀಶ ಕಾರ್ನಾಡ ಮತ್ತು ಮನೋಹರ ಗ್ರಂಥಮಾಲೆಯ ನಂಟಿನ ಆಧುನಿಕ ನಾಟಕ, ಹುಬ್ಬಳ್ಳಿಯಲ್ಲಿ ಕಂಪನಿಗಳ ಕ್ಯಾಂಪ್.

ರಂಗಾಯಣದ ನಿರ್ದೇಶಕರನ್ನು ಸರ್ಕಾರ ನೇಮಿಸುತ್ತದೆ. ನಾಟಕಗಳ ಆಯ್ಕೆ, ರಂಗಸಂಚಾರ, ಉತ್ಸವ, ತರಬೇತಿ ಮೊದಲಾದ ಕಲಾತ್ಮಕ ಹೊಣೆಗಳು ನಿರ್ದೇಶಕರವು. ಕಚೇರಿ ಮತ್ತು ಹಣಕಾಸಿನ ವ್ಯವಹಾರಕ್ಕೆ ಆಡಳಿತಾಧಿಕಾರಿ ಇರುತ್ತಾರೆ. 2024ರ ಆಗಸ್ಟ್‌ನಲ್ಲಿ ಸರ್ಕಾರ ರಾಜ್ಯದ ಆರು ರಂಗಾಯಣಗಳಿಗೆ ಒಟ್ಟಿಗೆ ನಿರ್ದೇಶಕರನ್ನು ನೇಮಿಸಿತು. ಮೈಸೂರಿಗೆ ಸತೀಶ್ ತಿಪಟೂರು, ಶಿವಮೊಗ್ಗಕ್ಕೆ ಪ್ರಸನ್ನ ಡಿ. ಸಾಗರ, ಕಲಬುರಗಿಗೆ ಸುಜಾತಾ ಜಂಗಮಶೆಟ್ಟಿ, ದಾವಣಗೆರೆಯ ವೃತ್ತಿ ರಂಗಭೂಮಿ ರಂಗಾಯಣಕ್ಕೆ ಮಲ್ಲಿಕಾರ್ಜುನ ಕಡಕೋಳ, ಕಾರ್ಕಳದ ಯಕ್ಷರಂಗಾಯಣಕ್ಕೆ ವೆಂಕಟರಮಣ ಐತಾಳ, ಧಾರವಾಡಕ್ಕೆ ರಾಜು ತಾಳಿಕೋಟಿ ನೇಮಕಗೊಂಡರು.

ಈ ಪಟ್ಟಿಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕಂಪನಿ ನಾಟಕಗಳಿಗೆಂದೇ ದಾವಣಗೆರೆಯಲ್ಲಿ ಪ್ರತ್ಯೇಕ ರಂಗಾಯಣವಿದ್ದರೂ, ಕಂಪನಿಯ ಹಾಸ್ಯನಟರಾದ ತಾಳಿಕೋಟಿ ಅವರಿಗೆ ದೊರೆತದ್ದು ಧಾರವಾಡ. ವೃತ್ತಿ ರಂಗಭೂಮಿಯನ್ನು ಅದರದೇ ಅಂಗಳಕ್ಕೆ ಸೀಮಿತಗೊಳಿಸದೆ, ರೆಪರ್ಟರಿ ಮಾದರಿಯ ಸಂಸ್ಥೆಯ ಚುಕ್ಕಾಣಿಯನ್ನೇ ಅದರ ಪ್ರತಿನಿಧಿಗೆ ಕೊಟ್ಟಂತಾಯಿತು. ತಾವು ಕ್ಯಾಂಪ್ ಹಾಕಿ ಆಡಿದ ಸೀಮೆಯಲ್ಲೇ ಅವರು ಸರ್ಕಾರದ ಪರವಾಗಿ ನಾಟಕ ಮಾಡಿಸುವ ಸ್ಥಾನಕ್ಕೆ ಬಂದರು. ಅಧಿಕಾರದ ಅವಧಿ ಮಾತ್ರ ಸುಮಾರು ಹದಿನಾಲ್ಕು ತಿಂಗಳಿಗೇ ಮುಗಿಯಿತು.

ನಿಧನ

ನಿರ್ದೇಶಕರಾಗಿದ್ದಾಗಲೂ ಅವರು ಚಿತ್ರಗಳಲ್ಲಿ ನಟಿಸುತ್ತಿದ್ದರು. 2025ರ ಅಕ್ಟೋಬರ್‌ನಲ್ಲಿ ಉಡುಪಿ ಜಿಲ್ಲೆಯ ಹೆಬ್ರಿಯಲ್ಲಿ, ಬಿಗ್ ಬಾಸ್‌ನ ಅದೇ ಏಳನೆಯ ಆವೃತ್ತಿಯ ವಿಜೇತ ಶೈನ್ ಶೆಟ್ಟಿ ನಾಯಕರಾಗಿರುವ ಚಿತ್ರದ ಚಿತ್ರೀಕರಣದಲ್ಲಿ ಪಾಲ್ಗೊಂಡಿದ್ದಾಗ ಹೃದಯಾಘಾತಕ್ಕೆ ಒಳಗಾದರು. ಮಣಿಪಾಲದ ಆಸ್ಪತ್ರೆಯಲ್ಲಿ ಚಿಕಿತ್ಸೆ ಫಲಿಸದೆ ಅಕ್ಟೋಬರ್ 13ರಂದು ನಿಧನರಾದರು. ವಿಜಯಪುರ ಜಿಲ್ಲೆ ಸಿಂದಗಿ ತಾಲ್ಲೂಕಿನ ಚಿಕ್ಕಸಿಂದಗಿಯಲ್ಲಿ ಅಂತ್ಯಕ್ರಿಯೆ ನಡೆಯಿತು.