ಮರುಭೂಮಿಯ ಬಿಳಿ ಪಾರಿವಾಳ: ಸಾನ್ ಹವಿಯೇರ್ ಡೆಲ್ ಬಾಕ್

ಅಮೆರಿಕದ ಆರಿಜೋನಾ ರಾಜ್ಯದ ಟೂಸಾನ್ ನಗರದಿಂದ ದಕ್ಷಿಣಕ್ಕೆ ಸುಮಾರು 16 ಕಿ.ಮೀ. ಸಾಗಿದರೆ, ಕಂದು ನೆಲ ಮತ್ತು ಕಳ್ಳಿಗಿಡಗಳ ನಡುವೆ ಅಚ್ಚ ಬಿಳುಪಿನ ಕಟ್ಟಡವೊಂದು ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಸ್ಪೇನಿನ ಆಳ್ವಿಕೆಯ ಕಾಲದಲ್ಲಿ ನಿರ್ಮಾಣವಾದ ಸಾನ್ ಹವಿಯೇರ್ ಡೆಲ್ ಬಾಕ್ ಮಿಷನ್ ಚರ್ಚ್ ಇದು. ‘ಮರುಭೂಮಿಯ ಬಿಳಿ ಪಾರಿವಾಳ’ ಎಂಬುದು ಇದರ ಜನಪ್ರಿಯ ಹೆಸರು. ಖ್ಯಾತ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಅವರೂ ಇದನ್ನು ಚಿತ್ರಿಸಿದ್ದಾರೆ. ಪ್ರವಾಸಿಗರು ತೆಗೆಯುವ ಬಹುಪಾಲು ಚಿತ್ರಗಳಲ್ಲಿ ನೀಲಿ ಆಕಾಶ, ಬಿಳಿ ಗೋಪುರ ಹಾಗೂ ಖಾಲಿ ಅಂಗಳವಷ್ಟೇ ಇರುತ್ತವೆ. ಆದರೆ ಇದು ಪಾಳುಬಿದ್ದ ಸ್ಮಾರಕವಲ್ಲ. ಟೊಹೊನೊ ಓಡಮ್ ಎಂಬ ಮೂಲನಿವಾಸಿಗಳ ನಾಡಿನಲ್ಲಿ, ಅವರದೇ ಹಳ್ಳಿಯ ನಡುವೆ ಇಂದಿಗೂ ಪೂಜೆ, ಮದುವೆ, ಅಂತ್ಯಸಂಸ್ಕಾರಗಳು ನಡೆಯುವ ಊರ ಚರ್ಚ್. ಕ್ಯಾಮೆರಾ ಹಿಡಿದು ಹೋಗುವವರು ಈ ಸಂಗತಿಯನ್ನು ಮೊದಲು ತಿಳಿದಿರುವುದು ಒಳಿತು.

ಹಳ್ಳಿಯ ಮೂಲ ಹೆಸರು ‘ವಾಕ್’. ಓಡಮ್ ಭಾಷೆಯ ಈ ಪದ ಸಾಂತಾ ಕ್ರೂಸ್ ನದಿಯ ನೀರಿಗೆ ಸಂಬಂಧಿಸಿದ್ದು. ಸ್ಪೇನಿನವರ ಬಾಯಲ್ಲಿ ಅದು ‘ಬಾಕ್’ ಆಯಿತು. ಯೇಸುಸಭೆಯ ಪಾದ್ರಿ ಯೂಸೆಬಿಯೊ ಫ್ರಾನ್ಸಿಸ್ಕೊ ಕೀನೊ 1692ರಲ್ಲಿ ಇಲ್ಲಿಗೆ ಬಂದು, ಸಂತ ಫ್ರಾನ್ಸಿಸ್ ಕ್ಸೇವಿಯರ್ ಹೆಸರಿನಲ್ಲಿ ಮಿಷನ್ ಸ್ಥಾಪಿಸಿದರು. ಈ ಹೆಸರು ನಮಗೆ ಹೊಸತಲ್ಲ. 1542ರಲ್ಲಿ ಗೋವೆಗೆ ಬಂದಿಳಿದ, ಇಂದಿಗೂ ಹಳೆಯ ಗೋವೆಯ ಬಾಮ್ ಜೀಸಸ್ ಬೆಸಿಲಿಕಾದಲ್ಲಿ ಯಾರ ಪಾರ್ಥಿವ ಶರೀರವಿದೆಯೋ ಅದೇ ಸಂತ ಇವರು. ಯೌವನದಲ್ಲಿ ಗಂಭೀರ ಕಾಯಿಲೆಯಿಂದ ಗುಣಮುಖರಾದ ಕೀನೊ, ಕ್ಸೇವಿಯರ್ ಅವರಂತೆ ತಾವೂ ಪೂರ್ವ ದೇಶಗಳಿಗೆ ಹೋಗಬೇಕೆಂದು ಬಯಸಿದ್ದರು. ಚೀಟಿ ಎತ್ತಿದಾಗ ಅವರ ಪಾಲಿಗೆ ಬಂದದ್ದು ಮೆಕ್ಸಿಕೊ.

ಮಿಷನ್ ಎಂದರೆ ಚರ್ಚ್ ಮಾತ್ರವಾಗಿರಲಿಲ್ಲ. ಸ್ಥಳೀಯರನ್ನು ಒಂದೆಡೆ ನೆಲೆಗೊಳಿಸಿ, ಗೋಧಿ ಬೆಳೆ ಹಾಗೂ ದನಸಾಕಣೆ ಕಲಿಸಿ, ಜೊತೆಗೆ ಅವರ ದುಡಿಮೆ ಮತ್ತು ನಂಬಿಕೆಗಳೆರಡನ್ನೂ ಸಾಮ್ರಾಜ್ಯದ ಅಂಕೆಗೆ ತರುವ ವ್ಯವಸ್ಥೆ ಅದಾಗಿತ್ತು. ಯುರೋಪಿನಿಂದ ಬಂದ ರೋಗಗಳು ಅಪಾರ ಸಂಖ್ಯೆಯ ಓಡಮ್ ಜನರನ್ನು ಬಲಿ ತೆಗೆದುಕೊಂಡವು. 1751ರಲ್ಲಿ ಅವರು ದಂಗೆ ಎದ್ದರು. ಚರ್ಚಿನ ಸೊಬಗನ್ನು ಕೊಂಡಾಡುವ ಪ್ರವಾಸಿ ಬರಹಗಳಲ್ಲಿ ಈ ಭಾಗ ಸಾಮಾನ್ಯವಾಗಿ ಕಾಣಸಿಗುವುದಿಲ್ಲ.

1767ರಲ್ಲಿ ಸ್ಪೇನಿನ ದೊರೆ ಯೇಸುಸಭೆಯವರನ್ನು ಹೊರಹಾಕಿದ ಬಳಿಕ ಫ್ರಾನ್ಸಿಸ್ಕನ್ ಪಾದ್ರಿಗಳು ಬಂದರು. ಈಗಿರುವ ಕಟ್ಟಡ ಅವರ ಕಾಲದ್ದು. 1783ರಲ್ಲಿ ಪಾದ್ರಿ ಹುವಾನ್ ಬಾಟಿಸ್ಟಾ ವೆಲ್ಡೆರ್ರೈನ್, ಮುಂದೆ ಬೆಳೆಯಲಿರುವ ಗೋಧಿಯನ್ನೇ ಆಧಾರವಾಗಿ ತೋರಿಸಿ ಜಮೀನ್ದಾರನೊಬ್ಬನಿಂದ 7,000 ಪೆಸೊ ಸಾಲ ಪಡೆದು ಕೆಲಸ ಆರಂಭಿಸಿದರು. ಅವರ ನಿಧನಾನಂತರ ಹುವಾನ್ ಬಾಟಿಸ್ಟಾ ಯೊರೆನ್ಸ್ ಅದನ್ನು ಮುಂದುವರಿಸಿ 1797ರಲ್ಲಿ ಮುಗಿಸಿದರು. ಮುಗಿಸಿದರು ಎನ್ನುವುದು ಪೂರ್ತಿ ಸರಿಯಲ್ಲ. ಪೂರ್ವದ ಗೋಪುರಕ್ಕೆ ಇಂದಿಗೂ ಗುಮ್ಮಟವಿಲ್ಲ. ಮೇಲಿನಿಂದ ಬಿದ್ದು ಕುಶಲಕರ್ಮಿ ಸತ್ತನೆಂದೂ, ಪೂರ್ಣಗೊಂಡ ಚರ್ಚಿಗೆ ತೆರಿಗೆ ಬೀಳುತ್ತಿತ್ತೆಂದೂ ಕಥೆಗಳಿವೆ. ಹಣ ಮುಗಿದಿತ್ತು ಎಂಬ ಸರಳ ಕಾರಣವನ್ನೇ ಇತಿಹಾಸಕಾರರು ಒಪ್ಪುತ್ತಾರೆ. ಸುಟ್ಟ ಇಟ್ಟಿಗೆ ಹೊತ್ತವರು, ಗೋಡೆ ಎಬ್ಬಿಸಿದವರು ಬಹುಪಾಲು ಓಡಮ್ ಜನರೇ.

ಮೆಕ್ಸಿಕೊ 1821ರಲ್ಲಿ ಸ್ವತಂತ್ರವಾಯಿತು. ಮುಂದಿನ ಎರಡು ದಶಕಗಳೊಳಗೆ ಇಲ್ಲಿ ಖಾಯಂ ಪಾದ್ರಿಗಳೇ ಇಲ್ಲದಂತಾಯಿತು. ಚರ್ಚ್ ಬರಿದಾಗಿದ್ದ ಆ ವರ್ಷಗಳಲ್ಲಿ ಪೂಜಾ ಪರಿಕರಗಳನ್ನು ತಮ್ಮ ಮನೆಗಳಲ್ಲಿ ಇರಿಸಿಕೊಂಡು ಕಾಪಾಡಿದವರು ಹಳ್ಳಿಯವರು. ಗ್ಯಾಡ್ಸ್‌ಡನ್ ಖರೀದಿಯ ಮೂಲಕ 1854ರಲ್ಲಿ ಈ ಪ್ರದೇಶ ಅಮೆರಿಕಕ್ಕೆ ಸೇರಿತು.

ಇಂದು ಕಾಣುವ ಬಿಳುಪಿನ ಹಿಂದೆಯೂ ಅವರದೇ ಕೈಗಳಿವೆ. ಇಪ್ಪತ್ತನೆಯ ಶತಮಾನದಲ್ಲಿ ದುರಸ್ತಿಯ ಹೆಸರಿನಲ್ಲಿ ಹಳೆಯ ಗೋಡೆಗಳಿಗೆ ಸಿಮೆಂಟ್ ಬಳಿಯಲಾಯಿತು. ಸುಣ್ಣದ ಗಾರೆ ಉಸಿರಾಡುತ್ತದೆ. ಒಳಸೇರಿದ ತೇವವನ್ನು ಹೊರಬಿಡುತ್ತದೆ. ಸಿಮೆಂಟ್ ಬಿಡುವುದಿಲ್ಲ. ಬಿರುಕಿನಿಂದ ಇಳಿದ ಮಳೆನೀರು ಇಟ್ಟಿಗೆಯಲ್ಲೇ ಉಳಿದು, ಒಳಗೋಡೆಯ ವರ್ಣಚಿತ್ರಗಳು ಹಾಳಾಗತೊಡಗಿದವು. 1978ರಲ್ಲಿ ಸ್ಥಾಪನೆಯಾದ ‘ಪತ್ರೊನಾತೊ ಸಾನ್ ಹವಿಯೇರ್’ ಎಂಬ ಸಂಸ್ಥೆ ಹಣ ಸಂಗ್ರಹಿಸಿತು. ಸಿಮೆಂಟ್ ಕಿತ್ತು, ಪಾಪಾಸುಕಳ್ಳಿಯ ಲೋಳೆ ಬೆರೆಸಿದ ಸುಣ್ಣದ ಗಾರೆಯನ್ನು ಹೊಸದಾಗಿ ಬಳಿಯಲಾಯಿತು. ಬೆಲ್ಲ, ಅಳಲೆಕಾಯಿ ಸೇರಿಸಿ ಗಾರೆ ಅರೆಯುತ್ತಿದ್ದ ನಮ್ಮ ಹಿರಿಯರಿಗೆ ಈ ವಿಧಾನ ವಿಚಿತ್ರವೆನಿಸುತ್ತಿರಲಿಲ್ಲ. 1992ರಿಂದ 1997ರವರೆಗೆ ಒಳಗಿನ ಚಿತ್ರ, ವಿಗ್ರಹಗಳನ್ನು ಶುಚಿಗೊಳಿಸಿದ ಅಂತರರಾಷ್ಟ್ರೀಯ ತಜ್ಞರ ತಂಡವು ಓಡಮ್ ಯುವಕರಿಗೂ ಆ ವಿದ್ಯೆ ಕಲಿಸಿತು.

ಇನ್ನು ಛಾಯಾಗ್ರಹಣದ ವಿಚಾರ. ಚರ್ಚಿನ ಮುಂಭಾಗ ದಕ್ಷಿಣಕ್ಕೆ ಮುಖ ಮಾಡಿದೆ. ಆದ್ದರಿಂದ ಸೂರ್ಯ ದಕ್ಷಿಣಕ್ಕೆ ವಾಲಿರುವ ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ದಿನವಿಡೀ ಒಳ್ಳೆಯ ಬೆಳಕು ದೊರೆಯುತ್ತದೆ. ಬೇಸಿಗೆಯಲ್ಲಿ ಬಿಸಿಲು ನೆತ್ತಿಯ ಮೇಲಿದ್ದು, ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಮುಂಜಾನೆ, ಸಂಜೆಗಳೇ ಸೂಕ್ತ. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಗೋಪುರಗಳ ಹಿಂದೆ ಕಾರ್ಮೋಡ ಕವಿದಾಗ ಬರುವ ಚಿತ್ರಕ್ಕೆ ಸಾಟಿಯಿಲ್ಲ. ಕ್ಯಾಮೆರಾ ತಾನೇ ಬೆಳಕನ್ನು ಅಳೆಯಲು ಬಿಟ್ಟರೆ ಚೌಕಟ್ಟು ತುಂಬಿದ ಬಿಳಿಗೋಡೆ ಬೂದುಬಣ್ಣಕ್ಕೆ ತಿರುಗುತ್ತದೆ. ಎಕ್ಸ್‌ಪೋಷರನ್ನು ತುಸು ಹೆಚ್ಚಿಸಿಕೊಳ್ಳಬೇಕು. ಪೂರ್ವದಲ್ಲಿರುವ ಚಿಕ್ಕ ಗುಡ್ಡವನ್ನೇರಿದರೆ ಚರ್ಚ್ ಮತ್ತು ಹಳ್ಳಿ ಒಂದೇ ನೋಟಕ್ಕೆ ಸಿಗುತ್ತವೆ. ಚರ್ಚನ್ನು ಅದರ ಊರಿನಿಂದ ಬೇರ್ಪಡಿಸದ ಈ ಕೋನವೇ ಲೇಖಕನ ದೃಷ್ಟಿಯಲ್ಲಿ ಅತ್ಯುತ್ತಮ. ಮುಖಮಂಟಪದ ಕೆತ್ತನೆಯಲ್ಲಿ ಒಂದು ಬದಿಗೆ ಬೆಕ್ಕು, ಇನ್ನೊಂದು ಬದಿಗೆ ಇಲಿ ಇವೆ. ಬೆಕ್ಕು ಇಲಿಯನ್ನು ಹಿಡಿದ ದಿನ ಲೋಕ ಮುಗಿಯುತ್ತದೆಂದು ಪ್ರತೀತಿ. ಇವನ್ನು ಸೆರೆಹಿಡಿಯಲು ಟೆಲಿ ಲೆನ್ಸ್ ಬೇಕು.

ಒಳಗೆ ಬೆಳಕು ತೀರಾ ಕಡಿಮೆ. ಬಲಿಪೀಠದ ಹಿಂದಿನ ಭವ್ಯ ಅಲಂಕಾರ ಮರದ್ದೆಂದು ಕಂಡರೂ ಇಟ್ಟಿಗೆ, ಗಾರೆಗಳಿಂದ ಮಾಡಿ ಬಣ್ಣ ಹಾಗೂ ಚಿನ್ನದ ಲೇಪ ಕೊಟ್ಟದ್ದು. ಅಮೃತಶಿಲೆಯಂತೆ ಕಾಣುವುದು ಬರಿಯ ಬಣ್ಣ. ಕೆಲವು ಬಾಗಿಲುಗಳು ಸಹ ಗೋಡೆಯ ಮೇಲಿನ ಚಿತ್ರಗಳೇ. ಮರುಭೂಮಿಯಲ್ಲಿ ಸಿಗದಿದ್ದುದನ್ನು ಕುಂಚದಿಂದ ಸೃಷ್ಟಿಸಿಕೊಂಡರು. ಫ್ಲಾಷ್ ಬಳಸಿದರೆ ಈ ಮಾಯೆಯೆಲ್ಲ ಚಪ್ಪಟೆಯಾಗುತ್ತದೆ, ಪ್ರಾರ್ಥಿಸುವವರಿಗೂ ತೊಂದರೆ. ಐ.ಎಸ್.ಒ. ಹೆಚ್ಚಿಸಿಕೊಂಡು, ಉಸಿರು ಬಿಗಿಹಿಡಿದು ತೆಗೆಯುವುದೇ ಸರಿಯಾದ ಮಾರ್ಗ.

ಎಡಭಾಗದ ತೋಳಿನಲ್ಲಿ ಸಂತ ಕ್ಸೇವಿಯರ್ ಎಂದು ಪೂಜೆಗೊಳ್ಳುವ ಮಲಗಿದ ವಿಗ್ರಹವಿದೆ. ಮೂಲತಃ ಅದು ಸಮಾಧಿಸ್ಥ ಕ್ರಿಸ್ತನದೆಂದು ಇತಿಹಾಸಕಾರರ ಅಭಿಪ್ರಾಯ. ಭಕ್ತರಿಗೆ ಅದರಿಂದ ವ್ಯತ್ಯಾಸವೇನೂ ಆಗಿಲ್ಲ. ಅವರು ಸಾಲಿನಲ್ಲಿ ಬಂದು ವಿಗ್ರಹದ ತಲೆಯನ್ನು ಮೆಲ್ಲನೆ ಎತ್ತಿ ಪ್ರಾರ್ಥಿಸುತ್ತಾರೆ. ಹೊದಿಕೆಗೆ ಕಣ್ಣು, ಕೈ, ಕಾಲುಗಳ ಆಕಾರದ ಪುಟ್ಟ ಲೋಹದ ಹರಕೆಗಳನ್ನು, ಕಾಯಿಲೆಯವರ ಭಾವಚಿತ್ರಗಳನ್ನು, ಆಸ್ಪತ್ರೆಯಲ್ಲಿ ಕೈಗೆ ಕಟ್ಟಿದ್ದ ಪಟ್ಟಿಗಳನ್ನು ಪಿನ್ನಿನಿಂದ ಸಿಕ್ಕಿಸಿ ಹೋಗುತ್ತಾರೆ. ವಿಗ್ರಹದ ಮುಂದೆ ಯಾರೂ ಇಲ್ಲದಿದ್ದರೂ ಆ ಭಾವಚಿತ್ರಗಳು ಗುರುತು ಸಿಗುವಂತೆ ಸಮೀಪದಿಂದ ಕ್ಲಿಕ್ಕಿಸುವುದು ತರವಲ್ಲ.

ಪ್ರವೇಶ ಉಚಿತ, ಕಾಣಿಕೆ ಹಾಕಬಹುದು. ಪೂಜೆಯ ವೇಳೆ ಛಾಯಾಗ್ರಹಣ ಕೂಡದು, ಟೋಪಿ ತೆಗೆದು ಒಳಹೋಗಬೇಕು. ವಾಣಿಜ್ಯ ಉದ್ದೇಶದ ಚಿತ್ರೀಕರಣಕ್ಕೆ ಮುಂಚಿತವಾಗಿ ಅನುಮತಿ ಬೇಕು. ಅಂಗಳದಾಚೆ ಚಪ್ಪರಗಳ ಕೆಳಗೆ ಓಡಮ್ ಮಹಿಳೆಯರು ಎಣ್ಣೆಯಲ್ಲಿ ಕರಿದ ಅಗಲವಾದ ಬಿಸಿ ರೊಟ್ಟಿ ಮಾರುತ್ತಾರೆ. ಅವರ ಚಿತ್ರ ಬೇಕಿದ್ದರೆ ಮೊದಲು ಕೇಳಬೇಕು, ಬೇಡವೆಂದರೆ ರೊಟ್ಟಿ ಕೊಂಡು ತಿಂದು ಬರಬೇಕು.